ಫ್ರಿಜ್ಜಿಗಿರುವ ಲೆಕ್ಕ ಮಗುವಿಗಿಲ್ಲ

ಪುಣೆ–ಅಹಿಲ್ಯಾನಗರ (ಹಿಂದಿನ ಅಹಮದನಗರ) ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಹೋದರೆ ರಾಂಜಣಗಾಂವ. ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಊರು; ಎಲ್‌ಜಿ, ಫಿಯೆಟ್ ಕಾರ್ಖಾನೆಗಳ ಊರೂ ಹೌದು. ಇಲ್ಲಿಂದ ಹೊರಡುವ ಫ್ರಿಜ್ಜಿಗೊಂದು ಸಂಖ್ಯೆಯಿದೆ. ವರ್ಷಗಳ ಮೇಲೆ ಕೆಟ್ಟರೂ ಅದರ ಮೂಲ ಹುಡುಕಬಹುದು. ಅದೇ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನೊಬ್ಬ, ಕಲಬುರಗಿಯಿಂದಲೋ ಲಾತೂರಿನಿಂದಲೋ ಬಂದವನು, ರಕ್ತದ ಕ್ಯಾನ್ಸರಾದ ಮಗುವಿನ ಚಿಕಿತ್ಸೆಯನ್ನು ನಡುವೆ ಬಿಟ್ಟು ಊರಿಗೆ ಮರಳಿದರೆ? ಆ ಮಗು ಏನಾಯಿತೆಂದು ಹೇಳಬಲ್ಲವರು ಸಿಗುವುದು ಕಷ್ಟ.

ಇದು ಕರುಣೆಯ ಮಾತು, ಸಂಶೋಧನೆಯದಲ್ಲ ಎನ್ನುವವರಿದ್ದಾರೆ. ತಪ್ಪು. ಮಕ್ಕಳ ಲ್ಯುಕೇಮಿಯಾ ಗುಣವಾಗತೊಡಗಿದ್ದೇ ಲೆಕ್ಕ ಇಡುವುದರಿಂದ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟ ವರದಿ ಪ್ರಕಟಿಸಿದರು. 10 ಮಕ್ಕಳು ಕೆಲಕಾಲ ಚೇತರಿಸಿಕೊಂಡಿದ್ದರು. ಆ ಔಷಧ ಬಂದದ್ದು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. (ನಮ್ಮ ಪಠ್ಯಪುಸ್ತಕಗಳಿಗೆ ಅವರ ಪರಿಚಯವೇ ಇದ್ದಂತಿಲ್ಲ.) 1980ರ ದಶಕದಲ್ಲಿ ಮುಂಬೈ, ಚೆನ್ನೈ, ದೆಹಲಿಯ ಆಸ್ಪತ್ರೆಗಳು ಎಂಸಿಪಿ-841 ಎಂಬ ಒಂದೇ ಕ್ರಮವನ್ನು ಹಿಡಿದು ಫಲಿತಾಂಶ ಬರೆದಿಟ್ಟ ಮೇಲೆಯೇ ಇಲ್ಲಿಯ ಮಕ್ಕಳು ಉಳಿಯುವ ಪ್ರಮಾಣ ಕಣ್ಣಿಗೆ ಕಾಣುವಂತೆ ಏರಿತು.

ಹೊರದೇಶದ ಕ್ರಮ ಸಿದ್ಧವಿರುವಾಗ ನಮ್ಮದೇಕೆ ಎಂಬ ವಾದವೂ ನಿಲ್ಲುವುದಿಲ್ಲ. ಮರ್ಕಾಪ್ಟೊಪ್ಯೂರಿನ್ ಮಾತ್ರೆಯನ್ನೇ ನೋಡಿ. ಎನ್‌ಯುಡಿಟಿ15 ಜೀನಿನ ಕೆಲವು ರೂಪಗಳಿದ್ದ ಮಗುವಿಗೆ ರೂಢಿಯ ಪ್ರಮಾಣವೇ ಮಜ್ಜೆಯನ್ನು ಕುಗ್ಗಿಸುತ್ತದೆ. ಆ ರೂಪಗಳು ಯುರೋಪಿಯನ್ನರಲ್ಲಿ ಅಪರೂಪ, ಏಷ್ಯದವರಲ್ಲಿ ಹಾಗಲ್ಲ. ಅಲ್ಲಿಯ ಅಳತೆಯ ಅಂಗಿ ಇಲ್ಲಿಗೆ ಹೊಂದೀತೆಂದು ನಂಬಿ ಕೂರುವುದು ಸೋಮಾರಿತನ. 2016ರಲ್ಲಿ ಶುರುವಾದ ಐಸಿಕ್ಲ್‌–ಎಎಲ್‌ಎಲ್–14 ಎಂಬ ಬಹುಕೇಂದ್ರ ಪ್ರಯೋಗ ಹಿಡಿದದ್ದು ಸರಿಯಾದ ದಾರಿ.

ದುಡ್ಡಿಲ್ಲವೆ? ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಾರ್ವಜನಿಕ ಸಂಸ್ಥೆಗಳ ವೈದ್ಯಕೀಯ ಸಂಶೋಧನೆಗೂ ಅದರಲ್ಲಿ ಜಾಗವಿದೆ. ಆದರೆ ಆಂಬುಲೆನ್ಸಿನ ಬಾಗಿಲಿಗೆ ಹೆಸರು ಬರೆಸಬಹುದು. ಹಾಜರಾಗದ ಮಗುವಿನ ಮನೆಗೆ ಫೋನು ಮಾಡುವ ದತ್ತಾಂಶ ಸಿಬ್ಬಂದಿಯ ಸಂಬಳಕ್ಕೆ ಫಲಕ ಹಾಕಲು ಗೋಡೆಯಿಲ್ಲ. ರಾಂಜಣಗಾಂವದಂಥ ವಸಾಹತಿನ ಕಂಪನಿಗಳು ಒಟ್ಟಾಗಿ ಅಂಥ ನಾಲ್ಕು ಜನರ ಹತ್ತು ವರ್ಷದ ಸಂಬಳ ಹೊರಲಿ, ಚಿಕಿತ್ಸೆ ನಡೆಯುವ ಎರಡೂ ಚಿಲ್ಲರೆ ವರ್ಷ ಅಪ್ಪನ ಕೆಲಸ ಹೋಗದಂತೆ ಗುತ್ತಿಗೆದಾರರಿಂದ ಬರೆಸಿಕೊಳ್ಳಲಿ. ಸರಬರಾಜುದಾರನೊಬ್ಬ ಒಂದು ದಿನ ತಡಮಾಡಿದರೆ ಬರೆಸಿಕೊಳ್ಳುವುದು ಅವರಿಗೆ ಚೆನ್ನಾಗಿ ಗೊತ್ತು.