ಯೂರೋಪಿನ ರೈಲು ಮತ್ತು ನಮ್ಮ ಪೆಟ್ಟಿಗೆಗಳು

2025ರ ಮೇ ತಿಂಗಳಿನಲ್ಲಿ ನಾನೂ ನನ್ನ ಶ್ರೀಮತಿಯೂ ಜರ್ಮನಿಯ ಎರ್ಲಾಂಗೆನ್ ನಗರದಲ್ಲಿರುವ ಮಗನ ಮನೆಗೆ ಹೋಗಿ, ಅಲ್ಲಿಂದ ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳನ್ನು ರೈಲಿನಲ್ಲಿ ಸುತ್ತಿ ಬಂದ ವಿಷಯ ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಪ್ರವಾಸಕಥನ ಬರೆಯಿರೆಂದು ಹಳೆಯ ವಿದ್ಯಾರ್ಥಿಗಳು ಒತ್ತಾಯಿಸುತ್ತಲೇ ಇದ್ದಾರೆ. ಆಲ್ಪ್ಸ್ ಪರ್ವತದ ಹಿಮವನ್ನೂ ವೆನಿಸ್ಸಿನ ಕಾಲುವೆಗಳನ್ನೂ ನನಗಿಂತ ಚೆನ್ನಾಗಿ ವರ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಪೆಟ್ಟಿಗೆಗಳ ವಿಷಯ. ಇದನ್ನು ಓದಿ ಬಂಧುಗಳಲ್ಲಿ ಒಬ್ಬಿಬ್ಬರಿಗೆ ಬೇಸರವಾದರೂ ಆಗಬಹುದು, ಆದರೂ ಹೇಳಲೇಬೇಕಾಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅರವತ್ತು ದಾಟಿದವರು ಯೂರೋಪನ್ನು ನೋಡುವುದಾದರೆ ರೈಲಿನಲ್ಲಿಯೇ ನೋಡಬೇಕು. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಿನಲ್ಲಿ ತುಂಬಿಕೊಂಡು ಓಡಿಸುವ ಪ್ಯಾಕೇಜ್ ಪ್ರವಾಸಕ್ಕಿಂತ ಅದು ನೂರು ಪಾಲು ಮೇಲು. ಆದರೆ ಒಬ್ಬೊಬ್ಬರ ಕೈಯಲ್ಲಿ ಒಂದೇ ಪೆಟ್ಟಿಗೆ ಇರಬೇಕು. ಅದನ್ನು ಅವರೇ ತಮ್ಮ ಎದೆಯ ಮಟ್ಟಕ್ಕೆ ಎತ್ತಲು ಶಕ್ತರಾಗಿರಬೇಕು. ಎತ್ತಲಾಗದಿದ್ದರೆ ಆ ಪೆಟ್ಟಿಗೆ ಮನೆಯಲ್ಲಿಯೇ ಉಳಿಯಬೇಕು. ಇದು ನನಗೆ ಹೊರಡುವ ಮೊದಲು ತಿಳಿದಿರಲಿಲ್ಲ.

ನಾವು ಒಯ್ದದ್ದು 23 ಕಿಲೋ ತೂಕದ ಎರಡು ದೊಡ್ಡ ಪೆಟ್ಟಿಗೆ, 8 ಕಿಲೋದ ಎರಡು ಚಿಕ್ಕ ಪೆಟ್ಟಿಗೆ; ಒಟ್ಟು 62 ಕಿಲೋ. ನಮ್ಮ ದೇಶದ ರೈಲಿನಲ್ಲಿ ಸ್ಲೀಪರ್ ದರ್ಜೆಯ ಪ್ರಯಾಣಿಕನೊಬ್ಬ 40 ಕಿಲೋವರೆಗೆ ಉಚಿತವಾಗಿ ಒಯ್ಯಬಹುದೆಂಬ ನಿಯಮವಿದೆ. ಆ ಲೆಕ್ಕದಲ್ಲಿ ನಾವಿಬ್ಬರೂ ಮಿತಭಾರಿಗಳೇ. ಪೆಟ್ಟಿಗೆಗಳ ಒಳಗೇನಿತ್ತು ಎಂದರೆ, ಬಟ್ಟೆ ಕಡಿಮೆ. ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ನಿಪ್ಪಟ್ಟುಗಳೇ ಹೆಚ್ಚು. ಅದರ ಮೇಲೆ ಮಿಲಾನಿನಲ್ಲಿ ಓದುತ್ತಿರುವ ಮಗಳಿಗೆಂದು ನನ್ನ ನಾದಿನಿ ಕೊಟ್ಟ ಗಂಟು. "ಭಾವ, ಬರೀ ಐದಾರು ಕಿಲೋ, ನೀವು ಹೇಗೂ ಆ ಕಡೆ ಹೋಗ್ತೀರಲ್ಲ" ಎಂದಿದ್ದಳು. ತೂಗಿದಾಗ ಏಳೂವರೆ ಕಿಲೋ ಇತ್ತು. ಅದರಲ್ಲಿದ್ದ ತುಪ್ಪದ ಡಬ್ಬಿಯನ್ನೂ ಪೇಡದ ಪೊಟ್ಟಣವನ್ನೂ ಮಗನು ಫೋನಿನಲ್ಲಿಯೇ ತೆಗೆಸಿದ. ಐರೋಪ್ಯ ಒಕ್ಕೂಟಕ್ಕೆ ಹೊರದೇಶಗಳಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ಮಾವಿನಹಣ್ಣು, ಹಸಿ ಕರಿಬೇವುಗಳಿಗೂ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ ಮುಂತಾದ ಕೆಲವಕ್ಕೆ ಮಾತ್ರ ಬೇಡವಂತೆ. ತೆಂಗಿನಕಾಯಿಗೆ ವಿನಾಯಿತಿ ಇದೆಯೆಂದು ತಿಳಿದೊಡನೆ ನನ್ನ ಶ್ರೀಮತಿ ನಾಲ್ಕು ಕಾಯಿಗಳನ್ನು ಸೇರಿಸಿದರು.

ವಿಮಾನ ನಿಲ್ದಾಣದವರೆಗೆ ಪೆಟ್ಟಿಗೆಯ ಭಾರ ಯಾರಿಗೂ ತಿಳಿಯುವುದಿಲ್ಲ. ಕಾರು, ತಳ್ಳುಗಾಡಿ, ಉರುಳುವ ಪಟ್ಟಿ ಇವೇ ಹೊರುತ್ತವೆ. ರೈಲಿನ ಕಥೆ ಬೇರೆ. ಯೂರೋಪಿನ ಪ್ಲಾಟ್‌ಫಾರ್ಮುಗಳ ಎತ್ತರ ಒಂದೇ ಸಮನಾಗಿಲ್ಲ. 55 ಸೆಂಟಿಮೀಟರ್ ಮತ್ತು 76 ಸೆಂಟಿಮೀಟರ್ ಎಂಬ ಎರಡು ಮಾನಗಳಿವೆ. ಹಳೆಯ ಸಣ್ಣ ನಿಲ್ದಾಣಗಳಲ್ಲಿ ಅದಕ್ಕಿಂತಲೂ ತಗ್ಗಾಗಿರುವುದುಂಟು. ಆದ್ದರಿಂದ ಒಂದು ರೈಲಿಗೆ ಸಲೀಸಾಗಿ ಕಾಲಿಡಬಹುದು, ಮತ್ತೊಂದಕ್ಕೆ ಎರಡು ಮೂರು ಮೆಟ್ಟಿಲು ಹತ್ತಬೇಕು. ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ರೈಲು ನಿಲ್ಲುವುದು ಎರಡು ಮೂರು ನಿಮಿಷ. ನಮ್ಮ ಬೋಗಿ ಎಲ್ಲಿ ನಿಲ್ಲುವುದೆಂದು ತಿಳಿಯಲು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎ, ಬಿ, ಸಿ ಎಂದು ಅಕ್ಷರಗಳ ಫಲಕಗಳಿವೆ. ಆದರೆ ಕೊನೆಯ ಗಳಿಗೆಯಲ್ಲಿ ಬೋಗಿಗಳ ಕ್ರಮ ತಿರುಗುಮುರುಗಾಗಿದೆ ಎಂದು ಜರ್ಮನ್ ಭಾಷೆಯಲ್ಲಿ ಘೋಷಣೆಯಾದರೆ, ಎ ಇಂದ ಎಫ್‌ವರೆಗೆ ಎಲ್ಲರೂ ಪೆಟ್ಟಿಗೆ ಎಳೆಯುತ್ತ ಓಡುವ ದೃಶ್ಯ ನಮ್ಮ ಅರಸೀಕೆರೆ ಜಂಕ್ಷನ್ನಿನ ದೃಶ್ಯಕ್ಕಿಂತ ಬೇರೆಯೇನಲ್ಲ. ಹತ್ತಿದ ಮೇಲೆ ದೊಡ್ಡ ಪೆಟ್ಟಿಗೆ ಇಡುವ ಜಾಗ ಬಾಗಿಲ ಬಳಿ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ತುಂಬಿರುತ್ತದೆ. ಉಳಿದದ್ದು ತಲೆಯ ಮೇಲಿನ ಅಟ್ಟ. 67 ವರ್ಷದವನು 23 ಕಿಲೋವನ್ನು ತನ್ನ ತಲೆಗಿಂತ ಮೇಲಕ್ಕೆ ಎತ್ತುವುದೆಂದರೇನೆಂದು ಎತ್ತಿದವನೇ ಬಲ್ಲ.

ಸ್ವಿಟ್ಜರ್ಲೆಂಡಿನ ನಿಲ್ದಾಣದ ಗಡಿಯಾರವನ್ನು ಮಾತ್ರ ಇಲ್ಲಿ ನೆನೆಯದೆ ಇರಲಾರೆ. 1944ರಲ್ಲಿ ಹಾನ್ಸ್ ಹಿಲ್‌ಫಿಕರ್ ಎಂಬ ಎಂಜಿನಿಯರ್ ರೂಪಿಸಿದ ಗಡಿಯಾರವದು. ಅದರ ಕೆಂಪು ಸೆಕೆಂಡಿನ ಮುಳ್ಳು ಸುಮಾರು 58.5 ಸೆಕೆಂಡುಗಳಲ್ಲಿಯೇ ಒಂದು ಸುತ್ತು ಮುಗಿಸಿ, 12ರ ಮೇಲೆ ಒಂದು ಕ್ಷಣ ನಿಂತು, ಸಂಕೇತ ಬಂದ ಕೂಡಲೇ ನಿಮಿಷದ ಮುಳ್ಳಿನೊಡನೆ ಮತ್ತೆ ಹೊರಡುತ್ತದೆ. ತರಗತಿಯಲ್ಲಿ ತೋರಿಸಲು ಇಂಥದೊಂದು ಇದ್ದಿದ್ದರೆ ಎಂದು ಜ್ಯೂರಿಕ್‌ನಲ್ಲಿ ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತಿದ್ದೆ. ಶ್ರೀಮತಿಯವರು ಪೆಟ್ಟಿಗೆ ಕಾಯುತ್ತಿದ್ದರು.

ಇನ್ನು ನಡೆದ ಘಟನೆಗೆ ಬರುತ್ತೇನೆ. ದಕ್ಷಿಣ ಜರ್ಮನಿಯ ಒಂದು ಸಣ್ಣ ಜಂಕ್ಷನ್, ಹೆಸರು ಬೇಡ. ರೈಲು ಬದಲಿಸಲು ನಮಗಿದ್ದುದು ಏಳು ನಿಮಿಷ. ಮಗ ಗುರುತು ಹಾಕಿ ಕೊಟ್ಟ ಕಾಗದದಲ್ಲಿ ಏಳು ನಿಮಿಷವೆಂದು ಓದಿದಾಗ ಧಾರಾಳವೆನಿಸಿತ್ತು. ಇಳಿದು ನೋಡಿದರೆ ಲಿಫ್ಟ್ ದುರಸ್ತಿಯಲ್ಲಿದೆ. ಸುರಂಗಕ್ಕೆ ಇಳಿದು, ಆಚೆ ಮತ್ತೆ ಹತ್ತಬೇಕು. ನಾನು ಒಂದು ದೊಡ್ಡ ಪೆಟ್ಟಿಗೆಯನ್ನು ಮೇಲೆ ಇಟ್ಟು ಬಂದು ಎರಡನೆಯದಕ್ಕೆ ಇಳಿದೆ. ಅಷ್ಟರಲ್ಲಿ ರೈಲು ಬಂದಿತು. ಶ್ರೀಮತಿಯವರು ಚಿಕ್ಕ ಪೆಟ್ಟಿಗೆಗಳೊಡನೆ ಒಳಗೆ ಹತ್ತಿದರು, ದೊಡ್ಡದೊಂದನ್ನು ಯಾರೋ ಹುಡುಗ ಒಳಕ್ಕೆ ಎತ್ತಿಕೊಟ್ಟ. ನಾನು ಏದುಸಿರು ಬಿಡುತ್ತ ಮೆಟ್ಟಿಲ ತುದಿಗೆ ಬಂದಾಗ ಬಾಗಿಲು ಮುಚ್ಚಿಕೊಂಡಿತು. ಗುಂಡಿಯ ದೀಪ ಆರಿತ್ತು, ಒತ್ತಿದೆ, ತೆರೆಯಲಿಲ್ಲ. ಗಾಜಿನಾಚೆ ಆಕೆಯ ಮುಖ ಕಂಡಿತು, ಅಷ್ಟೆ.

ಟಿಕೆಟ್ಟು ನನ್ನ ಫೋನಿನಲ್ಲಿ. ಇಬ್ಬರ ಪಾಸ್‌ಪೋರ್ಟೂ ನನ್ನ ಕೊರಳ ಚೀಲದಲ್ಲಿ. ಆಕೆಯ ಫೋನಿಗೆ ಅಲ್ಲಿಯ ಸಿಮ್ ಹಾಕಿಸಿರಲಿಲ್ಲ, ಇಬ್ಬರೂ ಜೊತೆಯಲ್ಲೇ ಇರುತ್ತೇವಲ್ಲ, ದಂಡಕ್ಕೆ ಖರ್ಚೇಕೆಂದು ನಾನೇ ಬೇಡವೆಂದಿದ್ದೆ. 39 ವರ್ಷಗಳ ದಾಂಪತ್ಯದಲ್ಲಿ ಆಕೆ ಎಲ್ಲಿದ್ದಾಳೆಂದು ನನಗೆ ತಿಳಿಯದ ಗಳಿಗೆಗಳು ಇದ್ದಿರಬಹುದು, ಆದರೆ ಆಕೆಗೆ ಭಾಷೆ ಬಾರದ, ಕೈಯಲ್ಲಿ ಕಾಗದಪತ್ರವಿಲ್ಲದ ಊರಿನಲ್ಲಿ ಅಲ್ಲ. ನಾನು ಆ ಪ್ಲಾಟ್‌ಫಾರ್ಮಿನಲ್ಲಿ 23 ಕಿಲೋ ಹುಳಿಪುಡಿ, ಹಪ್ಪಳ, ತೆಂಗಿನಕಾಯಿಗಳೊಡನೆ ನಿಂತಿದ್ದೆ.

ರೈಲಿನ ಒಳಗಿದ್ದ ಅದೇ ಹುಡುಗ ಆಕೆಯ ಪುಸ್ತಕದಲ್ಲಿ ಬರೆದಿದ್ದ ಮಗನ ನಂಬರಿಗೆ ಕರೆಮಾಡಿ, ಮುಂದಿನ ನಿಲ್ದಾಣದಲ್ಲಿ ಆಕೆಯನ್ನು ಇಳಿಸಿ, ಬೆಂಚಿನ ಮೇಲೆ ಕೂರಿಸಿ, ತಾನು ಮತ್ತೆ ಹತ್ತಿ ಹೋದನಂತೆ. ಐವತ್ತು ನಿಮಿಷಗಳ ನಂತರ ನಾನು ಅಲ್ಲಿಗೆ ತಲುಪಿದೆ. ಆಕೆ ಏನೂ ಬೈಯಲಿಲ್ಲ. "ತೆಂಗಿನಕಾಯಿ ಒಡೆಯಲಿಲ್ಲ ತಾನೆ?" ಎಂದರು. ತಪ್ಪು ರೈಲಿನದಲ್ಲ, ಬಾಗಿಲಿನದೂ ಅಲ್ಲ. ಎರಡು ಸಲ ಮೆಟ್ಟಿಲು ಹತ್ತಬೇಕಾದಷ್ಟು ಸಾಮಾನು ತಂದವನದು.

ಆ ಐವತ್ತು ನಿಮಿಷದಲ್ಲಿ ನನಗೆ ನೆನಪಾದದ್ದು ನನ್ನದೇ ಒಂದು ಪಾಠ. ಭೌತಶಾಸ್ತ್ರದಲ್ಲಿ 'ಕೆಲಸ' ಎಂಬ ಅಧ್ಯಾಯ ನೆನಪಿದೆಯೇ? ಕೂಲಿಯವನು 15 ಕಿಲೋ ಪೆಟ್ಟಿಗೆಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ತಲೆಯ ಮೇಲಿಟ್ಟುಕೊಂಡರೆ ಮಾಡಿದ ಕೆಲಸ 225 ಜೂಲ್. ಅದನ್ನು ಹೊತ್ತು ಸಮತಟ್ಟಾದ ಪ್ಲಾಟ್‌ಫಾರ್ಮಿನ ಮೇಲೆ ಎಷ್ಟು ದೂರ ನಡೆದರೂ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ. ಬಲ ಮೇಲ್ಮುಖವಾಗಿದೆ, ಚಲನೆ ಅಡ್ಡಲಾಗಿದೆ. ವರ್ಷವರ್ಷವೂ ಇದನ್ನು ಹೇಳಿ ತರಗತಿಯನ್ನು ನಗಿಸುತ್ತಿದ್ದೆ. ಒಂದು ವರ್ಷ ಅರಸೀಕೆರೆಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹಾಗಾದ್ರೆ ನಮ್ಮಪ್ಪ ದಿನಾ ಮಾಡೋದು ಕೆಲಸ ಅಲ್ವಾ ಸಾರ್?" ಎಂದು ಕೇಳಿದ. ಅವನ ತಂದೆ ನಿಲ್ದಾಣದಲ್ಲಿ ಕೆಂಪಂಗಿ ತೊಟ್ಟು, ತೋಳಿಗೆ ಹಿತ್ತಾಳೆಯ ಬಿಲ್ಲೆ ಕಟ್ಟಿ ಹಮಾಲಿ ಮಾಡುತ್ತಿದ್ದವರು. ತರಗತಿ ಮತ್ತಷ್ಟು ನಕ್ಕಿತು. ನಾನು "ಇದು ವಿಜ್ಞಾನದ ಅರ್ಥದಲ್ಲಿ, ಕುಳಿತುಕೋ" ಎಂದೆ. ಅಂದು ಶನಿವಾರವೆಂದು ತೋರುತ್ತದೆ. ಸಂಜೆ ಊರಿಗೆ ಹೊರಟಾಗ ನನ್ನ ಟ್ರಂಕನ್ನು ಯಾರು ಹೊತ್ತರೆಂದು ಈಗ ನೆನಪಿಲ್ಲ. ಅವರೇ ಇದ್ದರೂ ಇರಬಹುದು.

ಆ ಜಂಕ್ಷನ್ನಿನಲ್ಲಿ ಲೆಕ್ಕ ಹಾಕಿದೆ. ಸುಮಾರು ಐದು ಮೀಟರ್ ಎತ್ತರಕ್ಕೆ 23 ಕಿಲೋ: 1150 ಜೂಲ್. ಒಂದು ಕಡಲೆಕಾಯಿ ಬೀಜದಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯಿದೆ. ನನ್ನ ಮಂಡಿಗೆ ಈ ಲೆಕ್ಕ ತಿಳಿದಿರಲಿಲ್ಲ.

"ಅಲ್ಲಿ ಎಲ್ಲರೂ ತಮ್ಮ ಹೊರೆಯನ್ನು ತಾವೇ ಹೊರುತ್ತಾರೆ, ನೋಡಿ ಕಲಿಯಬೇಕು" ಎಂದು ವಿದೇಶದಿಂದ ಬಂದವರು ಭಾಷಣ ಮಾಡುವುದನ್ನು ಕೇಳಿದ್ದೇವೆ. ನಾನೂ ಶ್ರಮಗೌರವದ ಬಗ್ಗೆ ಮೂವತ್ತು ವರ್ಷ ಪ್ರಬಂಧ ಬರೆಸಿದವನೇ. ಈಗ ಆ ಮಾತನ್ನು ಪೂರ್ತಿ ಒಪ್ಪಲಾರೆ. ಅಲ್ಲಿಯೂ ಹಿಂದೆ ನಿಲ್ದಾಣಗಳಲ್ಲಿ ಹಮಾಲರಿದ್ದರು. ಕೂಲಿಯ ದರ ಏರಿತು. 1972ರಲ್ಲಿ ಅಮೆರಿಕದ ಬರ್ನಾರ್ಡ್ ಸ್ಯಾಡೋ ಗಾಲಿಯ ಪೆಟ್ಟಿಗೆಗೆ ಪೇಟೆಂಟ್ ಪಡೆದ. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಕೆ ಜೋಡಿಸಿದ. ಹಮಾಲರು ಮರೆಯಾದರು. ಇದರಲ್ಲಿ ನೀತಿಗಿಂತ ಲೆಕ್ಕಾಚಾರವೇ ಹೆಚ್ಚು. ಗಾಲಿ ಮೆಟ್ಟಿಲು ಹತ್ತುವುದಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತ ವೃದ್ಧೆಯರನ್ನು ನಾನು ಅಲ್ಲಿಯೂ ಕಂಡೆ. ನಮ್ಮಲ್ಲಿಯೋ 2016ರ ರೈಲ್ವೆ ಬಜೆಟ್ಟಿನಲ್ಲಿ ಕೂಲಿಗಳನ್ನು 'ಸಹಾಯಕ'ರೆಂದು ಕರೆದೆವು. ಹೆಸರು ಬದಲಾದ ಮಾತ್ರಕ್ಕೆ ತಲೆಯ ಮೇಲಿನ ಭಾರ ಇಳಿಯುವುದಿಲ್ಲ.

ಅಲ್ಲಿ ನೆರವೇ ಇಲ್ಲವೆಂದಲ್ಲ, ಕೇಳಿ ತಿಳಿದಿರಬೇಕು. ಜರ್ಮನಿಯ ದೊಡ್ಡ ನಿಲ್ದಾಣಗಳಲ್ಲಿ ಬಾನ್‌ಹೋಫ್ಸ್‌ಮಿಸಿಯೋನ್ ಎಂಬ ಚರ್ಚುಗಳ ಸೇವಾಕೇಂದ್ರಗಳಿವೆ. 1894ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಈ ಕೇಂದ್ರಗಳ ಸ್ವಯಂಸೇವಕರು ವೃದ್ಧರಿಗೆ ರೈಲು ಬದಲಿಸಲು ಉಚಿತವಾಗಿ ನೆರವಾಗುತ್ತಾರೆ. ಮುಂಚಿತವಾಗಿ ಹೇಳಿದರೆ ಒಳ್ಳೆಯದು. ಸ್ವಿಟ್ಜರ್ಲೆಂಡಿನಲ್ಲಿ ಹಣ ಕೊಟ್ಟರೆ ಪೆಟ್ಟಿಗೆಯನ್ನು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರೈಲಿನವರೇ ಸಾಗಿಸುತ್ತಾರೆ. ದೊಡ್ಡ ನಿಲ್ದಾಣಗಳಲ್ಲೆಲ್ಲ ಲಾಕರುಗಳಿವೆ. ಫ್ರಾನ್ಸಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಲಿ: ಅಲ್ಲಿಯ ಟಿಜಿವಿ ರೈಲುಗಳಲ್ಲಿ 2024ರಿಂದ ತಲಾ ಎರಡು ಪೆಟ್ಟಿಗೆ ಮತ್ತು ಒಂದು ಕೈಚೀಲಕ್ಕೆ ಮಾತ್ರ ಅವಕಾಶ, ಪ್ರತಿಯೊಂದರ ಮೇಲೂ ಹೆಸರಿನ ಚೀಟಿ ಇರಲೇಬೇಕು, ಮೀರಿದರೆ 50 ಯೂರೋ ದಂಡ. ಭಾರ ಹೊತ್ತು ತರುವವರ ಕಾಟ ಫ್ರೆಂಚರಿಗೂ ತಟ್ಟಿದೆ ಎಂದಾಯಿತು.

ಜ್ಯೂರಿಕ್‌ನಿಂದ ಮಿಲಾನಿಗೆ ಸುಮಾರು ಮೂರೂಕಾಲು ಗಂಟೆ. ನಡುವೆ 57 ಕಿಲೋಮೀಟರ್ ಉದ್ದದ ಗೊಟಾರ್ಡ್ ಸುರಂಗ. 2016ರಲ್ಲಿ ತೆರೆದ ಈ ಸುರಂಗವನ್ನು ನೋಡಬೇಕೆಂದು ಬಹಳ ಆಸೆಯಿತ್ತು. ಸುರಂಗದೊಳಗೆ ನೋಡುವುದೇನೂ ಇರುವುದಿಲ್ಲವೆಂಬುದು ವಿಜ್ಞಾನದ ಮೇಷ್ಟ್ರಿಗೆ ಹೊಳೆದಿರಲಿಲ್ಲ. ವೆನಿಸ್ಸಿನಲ್ಲಿ ನಾವು ಜಾಣರಾದೆವು. ನಾನೂರಕ್ಕೂ ಹೆಚ್ಚು ಸೇತುವೆಗಳ ಊರದು, ಬಹುತೇಕ ಸೇತುವೆಗಳಿಗೆ ಮೆಟ್ಟಿಲು. ಆದ್ದರಿಂದ ದಡದ ಮೇಲಿನ ಮೆಸ್ತ್ರೆಯಲ್ಲಿ ಉಳಿದುಕೊಂಡು, ಬರಿಗೈಯಲ್ಲಿ ರೈಲು ಹತ್ತಿ ಹತ್ತು ಹನ್ನೆರಡು ನಿಮಿಷಗಳಲ್ಲಿ ಅಲ್ಲಿಗೆ ಹೋದೆವು. ಇಡೀ ಪ್ರವಾಸದಲ್ಲಿ ನನ್ನ ಕಣ್ಣುಗಳು ಪೆಟ್ಟಿಗೆಯನ್ನು ಬಿಟ್ಟು ಬೇರೇನನ್ನಾದರೂ ನೋಡಿದ್ದು ಆ ಎರಡು ದಿನ.

ನಾದಿನಿಯ ಗಂಟಿನ ಕಥೆಯನ್ನೂ ಮುಗಿಸಬೇಕು. ಹುಳಿಪುಡಿ, ಹಪ್ಪಳ ಎಲ್ಲವೂ ಮಿಲಾನಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆಂದು ಆ ಹುಡುಗಿಯೇ ಹೇಳಿದಳು. ನಾನು ಗೆದ್ದವನಂತೆ ಶ್ರೀಮತಿಯವರ ಕಡೆ ನೋಡಿದೆ. ಅಷ್ಟರಲ್ಲಿ ಅವಳು ಕೋಡುಬಳೆಯ ಡಬ್ಬಿಯ ಮುಚ್ಚಳ ತೆಗೆದಳು. ಅದು ಅವಳ ಅಜ್ಜಿ ಕರಿದದ್ದು. ತಿನ್ನಲಿಲ್ಲ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಆದ್ದರಿಂದ ನನ್ನ ವಾದವನ್ನು ಸ್ವಲ್ಪ ಸಡಿಲಿಸುತ್ತೇನೆ: ಬಂಧುಗಳೇ, ಕೋಡುಬಳೆ ಒಂದು ಕಿಲೋ ಕೊಡಿ, ಒಯ್ಯುತ್ತೇನೆ. ಅಂಗಡಿಯಲ್ಲಿ ಸಿಗುವುದನ್ನು ಕೊಡಬೇಡಿ. ವಿದೇಶದಲ್ಲಿರುವ ಮಕ್ಕಳೇ, ತಂದೆತಾಯಿಯರ ಕೈಯಲ್ಲಿ ತರಿಸಿಕೊಳ್ಳುವ ಮುನ್ನ ಅವರ ಮಂಡಿಯನ್ನೊಮ್ಮೆ ವಿಚಾರಿಸಿ. ಏಳು ನಿಮಿಷದ ಬದಲಾವಣೆಯಿರುವ ಟಿಕೆಟ್ ಕೊಳ್ಳಬೇಡಿ, ಅರ್ಧ ಗಂಟೆಯಾದರೂ ಇರಲಿ. ಇಬ್ಬರ ಫೋನಿಗೂ ಸಿಮ್ ಹಾಕಿಸಿ, ಪಾಸ್‌ಪೋರ್ಟುಗಳನ್ನು ಅವರವರ ಕೈಯಲ್ಲೇ ಕೊಡಿ.

ಊರಿಗೆ ಮರಳಿದ ಮೇಲೆ ಆ ಹಿಂದಿನ ಬೆಂಚಿನ ಹುಡುಗನ ನಂಬರನ್ನು ಅವನ ಸಹಪಾಠಿಗಳಿಂದ ಪಡೆದು ಫೋನ್ ಮಾಡಿದೆ. ಹುಡುಗನೇನು, ಈಗ ಅವನಿಗೂ ನಲವತ್ತು ದಾಟಿದೆ, ಹುಬ್ಬಳ್ಳಿಯಲ್ಲಿದ್ದಾನೆ. ತಂದೆ ತೀರಿಕೊಂಡು ಆರು ವರ್ಷವಾಯಿತಂತೆ. ಆ ದಿನದ ಪ್ರಶ್ನೆಯನ್ನು ನೆನಪಿಸಿ, ನಾನು ಅಂದು ಸರಿಯಾಗಿ ಉತ್ತರಿಸಲಿಲ್ಲವೆಂದು ಹೇಳಿದೆ. ಅವನಿಗೆ ಪ್ರಶ್ನೆ ಚೆನ್ನಾಗಿ ನೆನಪಿತ್ತು. ಸ್ವಲ್ಪ ಹೊತ್ತು ಮಾತಾಡದೆ ಇದ್ದು, ಆಮೇಲೆ ನಕ್ಕು ಹೇಳಿದ: "ನಿಮ್ಮ ಲೆಕ್ಕದಲ್ಲಿ ಇನ್ನೊಂದು ತಪ್ಪಿತ್ತು ಸಾರ್. ಅಪ್ಪ 15 ಕಿಲೋ ಯಾವತ್ತೂ ಹೊತ್ತಿಲ್ಲ. 40ಕ್ಕೆ ಕಡಿಮೆ ಇದ್ದರೆ ಯಾರೂ ಕರೀತಾನೇ ಇರಲಿಲ್ಲ."