ಕಬ್ಬಿಣ ಕೆಳಗಿಳಿದದ್ದು ಯಾವಾಗ?

ಭೂಮಿಯ ಒಳರಚನೆಯ ಪಾಠವೆಂದರೆ ಈರುಳ್ಳಿಯಂಥ ಒಂದು ಚಿತ್ರ. ಹೊರಗೆ ಭೂಕವಚ, ನಡುವೆ ಮ್ಯಾಂಟಲ್, ಒಳಗೆ ಕಬ್ಬಿಣ-ನಿಕ್ಕಲ್‌ಗಳ ಕೇಂದ್ರಗೋಳ. ಹೆಸರು ಬರೆದು ಬಣ್ಣ ತುಂಬಿದರೆ ಎರಡು ಅಂಕ. ನಾನು ಪಾಠ ಹೇಳುತ್ತಿದ್ದ ಕಾಲದ ಪುಸ್ತಕದಲ್ಲಿ ಹೀಗೆಯೇ ಇತ್ತು, ಮೊಮ್ಮಗಳ ಪುಸ್ತಕದಲ್ಲೂ ಹೀಗೆಯೇ ಇದೆ. ಈ ಪದರಗಳು ಬೇರ್ಪಟ್ಟದ್ದು ಯಾವಾಗ, ಅದನ್ನು ತಿಳಿದದ್ದು ಹೇಗೆ ಎಂಬ ಮಾತೇ ಅಲ್ಲಿಲ್ಲ. ನನ್ನ ಮಟ್ಟಿಗೆ ಪಾಠದ ಜೀವವಿರುವುದೇ ಆ ಪ್ರಶ್ನೆಯಲ್ಲಿ.

ಸುಮಾರು 456 ಕೋಟಿ ವರ್ಷಗಳ ಹಿಂದೆ ಸೌರವ್ಯೂಹ ರೂಪುಗೊಂಡಾಗ ಹ್ಯಾಫ್ನಿಯಂ-182 ಎಂಬ ಸಮಸ್ಥಾನಿಯೊಂದಿತ್ತು. ಸುಮಾರು 89 ಲಕ್ಷ ವರ್ಷಗಳಿಗೊಮ್ಮೆ ಅದರಲ್ಲಿ ಅರ್ಧಭಾಗ ಟಂಗ್‌ಸ್ಟನ್-182 ಆಗಿ ಮಾರ್ಪಡುತ್ತ, ಕಡೆಗೆ ಮುಗಿದೇಹೋಯಿತು. ವಿಜ್ಞಾನಿಗಳು ಇಂಥ ಜೋಡಿಯನ್ನು ತಾಯಿ-ಮಗಳು ಎಂದೇ ಕರೆಯುತ್ತಾರೆ. ತಾಯಿಗೆ ಶಿಲೆಯ ನಂಟು, ಮಗಳಿಗೆ ಕಬ್ಬಿಣದ ಸೆಳೆತ. ಕಬ್ಬಿಣವು ಕರಗಿ ಕೇಂದ್ರಕ್ಕಿಳಿದಾಗ ಅದುವರೆಗೆ ಹುಟ್ಟಿದ್ದ ಹೆಣ್ಣುಮಕ್ಕಳಲ್ಲಿ ಬಹುಪಾಲು ಅದರೊಡನೆ ಹೊರಟುಹೋದರು; ಆಮೇಲೆ ಹುಟ್ಟಿದವರು ತವರಾದ ಮ್ಯಾಂಟಲ್‌ನಲ್ಲೇ ಉಳಿದರು. ಆದ್ದರಿಂದ ಉಳಿದ ಟಂಗ್‌ಸ್ಟನ್ ಸಮಸ್ಥಾನಿಗಳಿಗೆ ಹೋಲಿಸಿದಾಗ ಮ್ಯಾಂಟಲ್‌ನ ಶಿಲೆಯಲ್ಲಿ 182ರ ಪಾಲು ಹೆಚ್ಚಾಗಿದ್ದಷ್ಟೂ ಆ ಅಗಲಿಕೆ ಬೇಗ ನಡೆದಿದೆ ಎಂದರ್ಥ. ತಾಳೆ ನೋಡಲು ಅಗಲಿಕೆಯನ್ನೇ ಕಾಣದ ಮನೆಯೊಂದು ಬೇಕಲ್ಲ? ಕಾಂಡ್ರೈಟ್ ಎಂಬ ಉಲ್ಕಾಶಿಲೆಗಳು ಅಂಥವು.

1995ರಲ್ಲಿ ಪ್ರಕಟವಾದ ಅಳತೆಯಲ್ಲಿ ಭೂಮಿಗೂ ಕಾಂಡ್ರೈಟ್‌ಗಳಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ತಾಯಿ ಮುಗಿದ ಮೇಲೆ, ಅಂದರೆ 6 ಕೋಟಿ ವರ್ಷಗಳ ನಂತರ ಕೇಂದ್ರಗೋಳ ರೂಪುಗೊಂಡಿತೆಂದು ತೀರ್ಮಾನವಾಯಿತು. 2002ರಲ್ಲಿ ಬೇರೆ ಬೇರೆ ತಂಡಗಳು ಮತ್ತೆ ಅಳೆದಾಗ ಭೂಮಿಯಲ್ಲಿ ಹತ್ತು ಸಾವಿರಕ್ಕೆ ಸುಮಾರು ಎರಡರಷ್ಟು ಹೆಚ್ಚಳ ಕಂಡಿತು. (ನಮ್ಮ ಅಕ್ಕಸಾಲಿಗರ ತಕ್ಕಡಿ ನಾಚಬೇಕು!) ಅಷ್ಟರಿಂದಲೇ 6 ಕೋಟಿ ಸುಮಾರು 3 ಕೋಟಿಗೆ ಇಳಿಯಿತು. ಅಗಲಿಕೆ ಒಂದೇ ಸಲಕ್ಕೆ ನಡೆಯದೆ, ಚಂದ್ರನ ಹುಟ್ಟಿಗೆ ಕಾರಣವೆನ್ನಲಾದ ಮಹಾಘರ್ಷಣೆಯಂಥವುಗಳಿಂದ ಕಂತುಕಂತಾಗಿ ನಡೆದಿದ್ದರೆ ಲೆಕ್ಕ ಇನ್ನೂ ಹಿಗ್ಗುತ್ತದೆ.

ಮಂಗಳನ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. 1865ರ ಆಗಸ್ಟ್ 25ರಂದು ಬಿಹಾರದ ಶೇರ್ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳನದೆಂದು ಬಹುಕಾಲದ ಮೇಲೆ ತಿಳಿಯಿತು. ಆ ಜಾತಿಯ ಶಿಲೆಗಳಿಗೆ ಇಂದು ಶೆರ್ಗೊಟೈಟ್ ಎಂದೇ ಹೆಸರು. ಮಂಗಳನ ಶಿಲೆಗಳ ಟಂಗ್‌ಸ್ಟನ್ ಆಧರಿಸಿ 2011ರಲ್ಲಿ ಮಾಡಿದ ಗಣನೆಯಂತೆ, ಆ ಗ್ರಹ ಸುಮಾರು 18 ಲಕ್ಷ ವರ್ಷಗಳಲ್ಲೇ ಇಂದಿನ ಗಾತ್ರದ ಅರ್ಧದಷ್ಟು ಬೆಳೆದಿತ್ತು.

ಇದೆಲ್ಲ ಪ್ರೌಢಶಾಲೆಗೆ ಭಾರವಾಯಿತೆಂದು ಕೆಲವು ಅಧ್ಯಾಪಕ ಮಿತ್ರರ ಆಕ್ಷೇಪ. ನಾನೊಪ್ಪುವುದಿಲ್ಲ. ಅರ್ಧ, ಅರ್ಧದ ಅರ್ಧ ಎಣಿಸಬಲ್ಲ ಮಗುವಿಗೆ ಇದು ಎಟುಕುತ್ತದೆ. ಚಿತ್ರವನ್ನಷ್ಟೇ ಕೊಟ್ಟರೆ ವಿಜ್ಞಾನವೆಂದರೆ ಅಚ್ಚಾದ ಮಾತು ಎಂದು ಅದು ನಂಬಿಬಿಡುತ್ತದೆ. ಅಚ್ಚಾದ ಮಾತನ್ನು ಮತ್ತೆ ಅಳೆದು ತಿದ್ದಿದವರಿದ್ದಾರೆಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಚಿತ್ರದ ಕೆಳಗೆ ಅರ್ಧ ಪುಟ ಇದಕ್ಕೆ ಮೀಸಲಿಡಲಿ. ಪರೀಕ್ಷೆಯಲ್ಲಿ ಬಣ್ಣ ತುಂಬಿಸುವ ಬದಲು, 6 ಕೋಟಿ ಏಕೆ 3 ಕೋಟಿಯಾಯಿತೆಂದು ಕೇಳಲಿ. ಎರಡಲ್ಲ, ನಾಲ್ಕು ಅಂಕ ಕೊಡಲಿ.