ಯಾವ ಕ್ಯಾಮೆರಾ ಒಳ್ಳೇದು ಅಂತ ಕೇಳಬೇಡಿ

'ಯಾವ ಕ್ಯಾಮೆರಾ ತಗೊಂಡ್ರೆ ಒಳ್ಳೇದು?'

ನನ್ನ ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡವರು ಮೊದಲು ಕೇಳುವ ಪ್ರಶ್ನೆ ಇದು. ಎರಡು ವರ್ಷದ ಹಿಂದೆ ನಾನೂ ಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಉತ್ತರ ಕೊಡುವ ಬದಲು, 'ನೀನು ಯಾವುದರ ಫೋಟೊ ತೆಗೀತೀಯ?' ಎಂದು ತಿರುಗಿ ಕೇಳುತ್ತೇನೆ. ಜಂಬಕ್ಕಲ್ಲ. ಈ ಒಂದು ಪ್ರಶ್ನೆಯಿಂದ ನಮ್ಮ ಮನೆಗೆ ಲಕ್ಷ ರೂಪಾಯಿಗೂ ಮಿಕ್ಕಿದ ಸಾಲವೊಂದು ತಪ್ಪಿದೆ.

ನಮ್ಮದು ತೀರ್ಥಹಳ್ಳಿ ಕಡೆಯ ಊರು. ಅಡಿಕೆ ತೋಟವೇ ಜೀವನಕ್ಕೆ ಆಧಾರ. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದ ಮೇಲೆ ಅಪ್ಪ ಖರ್ಚಿನ ಮಾತು ಬಂದಾಗಲೆಲ್ಲ ಸುಮ್ಮನಾಗುತ್ತಿದ್ದರು. ಅಂಥ ಹೊತ್ತಿನಲ್ಲೇ ನನಗೆ ಹೊಸ ಮಿರರ್‌ಲೆಸ್ ಕ್ಯಾಮೆರಾದ ಹುಚ್ಚು ಹತ್ತಿತ್ತು. ಲೆನ್ಸ್ ಸೇರಿ ಲಕ್ಷ ದಾಟುತ್ತಿತ್ತು. 'ಕಂತಿನಲ್ಲಿ ತಗೊಂಡರೆ ಗೊತ್ತೇ ಆಗಲ್ಲ' ಎಂದು ವಾದ ಹೂಡಿದೆ. ಅಪ್ಪ ಬೈಯಲಿಲ್ಲ. 'ಸೊಸೈಟಿಯಲ್ಲಿ ಕೇಳಿ ನೋಡ್ತೀನಿ' ಅಂದರು. ಬೈದಿದ್ದರೇ ವಾಸಿಯಿತ್ತು.

ವಿಷಯ ಮಾವನ ಕಿವಿಗೆ ಬಿತ್ತು. ಅಮ್ಮನ ತಮ್ಮ ಪೇಟೆಯಲ್ಲಿ ವರ್ಷಗಟ್ಟಲೆ ಸ್ಟುಡಿಯೊ ನಡೆಸಿ ಆಗಷ್ಟೇ ಬಾಗಿಲು ಹಾಕಿದ್ದರು. ಬೀರುವಿನಿಂದ ಎರಡು ಹಳೇ ಕ್ಯಾಮೆರಾ ತೆಗೆದು ನನ್ನ ಮುಂದಿಟ್ಟರು. ಒಂದು ಕ್ಯಾನನ್ 5ಡಿ ಮಾರ್ಕ್ 2, ಇನ್ನೊಂದು ಕ್ಯಾನನ್ 7ಡಿ. ಮೊದಲನೆಯದರಲ್ಲಿ ಮದುವೆ ತೆಗೆದದ್ದು, ಎರಡನೆಯದರಲ್ಲಿ ಭಾನುವಾರ ಹಕ್ಕಿ ತೆಗೆದದ್ದು. 'ಒಂದು ವರ್ಷ ಎರಡನ್ನೂ ಬಳಸು ಮಾರಾಯ್ತಿ. ಆಮೇಲೆ ಒಂದನ್ನ ಇಟ್ಕೊ, ಇನ್ನೊಂದನ್ನ ನಾನು ಮಾರ್ತೀನಿ. ಎರಡೂ ಸಾಲದು ಅನ್ನಿಸಿದ್ರೆ ಆವಾಗ ಸಾಲ ಮಾಡು' ಅಂದರು.

ನನಗೆ ಒಳಗೊಳಗೇ ಸಿಟ್ಟು. 5ಡಿ ಮಾರ್ಕ್ 2 ಬಂದದ್ದು 2008ರಲ್ಲಿ, 7ಡಿ 2009ರಲ್ಲಿ. ನಾನಾಗ ಅಂಗನವಾಡಿಗೆ ಹೋಗುತ್ತಿದ್ದೆ!

ಅವಳಿಗಳಂತೆ ಕಂಡರೂ...

ಹೊರಗಿನಿಂದ ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು. ಎರಡಕ್ಕೂ ಒಂದೇ ಬ್ಯಾಟರಿ, ಒಂದೇ ಥರದ ಸಿಎಫ್ ಕಾರ್ಡ್. ಮಾವನ 50 ಎಂಎಂ, 85 ಎಂಎಂ, 70–300 ಎಂಎಂ ಲೆನ್ಸ್‌ಗಳು ಎರಡಕ್ಕೂ ಕೂರುತ್ತವೆ. ತೂಕವೂ ಹೆಚ್ಚು ಕಡಿಮೆ ಒಂದೇ, ಲೆನ್ಸ್ ಬಿಟ್ಟು 800 ಗ್ರಾಂಗಿಂತ ತುಸು ಜಾಸ್ತಿ.

ವ್ಯತ್ಯಾಸ ಇರುವುದು ಒಳಗೆ. 5ಡಿಯ ಸೆನ್ಸರ್ ಹಳೇ ಫಿಲ್ಮ್ ರೀಲಿನ ಒಂದು ಚೌಕಟ್ಟಿನಷ್ಟೇ ದೊಡ್ಡದು, 36 ಎಂಎಂ ಅಗಲ, 24 ಎಂಎಂ ಎತ್ತರ. ಇದನ್ನೇ ಫುಲ್ ಫ್ರೇಮ್ ಅನ್ನುವುದು. 7ಡಿಯದು ಚಿಕ್ಕದು. ವಿಸ್ತೀರ್ಣದ ಲೆಕ್ಕದಲ್ಲಿ 5ಡಿಯದು ಅದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಮಳೆ ಬರುವಾಗ ಅಂಗಳದಲ್ಲಿ ಹಂಡೆ ಇಟ್ಟರೂ ಚೊಂಬು ಇಟ್ಟರೂ ನೀರು ತುಂಬುತ್ತದೆ. ಆದರೆ ಹನಿ ಕಡಿಮೆಯಿದ್ದಾಗ ಹಂಡೆಯ ಬಾಯಿಗೆ ಬೀಳುವುದೇ ಹೆಚ್ಚು. ಬೆಳಕಿನದ್ದೂ ಅದೇ ಕಥೆ.

ಹಾಗಾದರೆ 5ಡಿಯೇ ಮೇಲು ಅಂದುಕೊಳ್ಳಬೇಡಿ. 7ಡಿ ಸೆಕೆಂಡಿಗೆ ಎಂಟು ಫೋಟೊ ತೆಗೆಯುತ್ತದೆ, 5ಡಿ ನಾಲ್ಕೂ ತೆಗೆಯಲಾರದು, 3.9 ಮಾತ್ರ. 7ಡಿಯಲ್ಲಿ ಫೋಕಸ್ ಬಿಂದುಗಳು 19, ಎಲ್ಲವೂ ಚುರುಕು. 5ಡಿಯಲ್ಲಿ ಕಾಣುವುದು ಒಂಬತ್ತು. ಅದರಲ್ಲೂ ನಂಬಬಹುದಾದದ್ದು ನಡುವಿನ ಒಂದೇ.

ಮಂಡಗದ್ದೆಯಲ್ಲಿ ಸೋತದ್ದು

ಮೊದಲ ಪರೀಕ್ಷೆ ಮಳೆಗಾಲದಲ್ಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಮಂಡಗದ್ದೆ ಇದೆ. ತುಂಗೆಯ ನಡುವಿನ ಕುದುರಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದಲ್ಲಿ ನಿಂತು ನೋಡಬೇಕು, ಹತ್ತಿರ ಹೋಗುವಂತಿಲ್ಲ, ಹೋಗಲೂಬಾರದು.

5ಡಿಗೆ 70–300 ಲೆನ್ಸ್ ಹಾಕಿ ಪೂರ್ತಿ ಎಳೆದರೂ ಹಕ್ಕಿ ಸಾಸಿವೆ ಕಾಳಿನಂತೆ ಕಂಡಿತು. ಅದೇ ಲೆನ್ಸನ್ನು 7ಡಿಗೆ ಹಾಕಿದೆ. ಚಿಕ್ಕ ಸೆನ್ಸರ್ ಚಿತ್ರದ ನಡುಭಾಗವನ್ನಷ್ಟೇ ಹಿಡಿಯುವುದರಿಂದ 300 ಎಂಎಂ ಲೆನ್ಸ್ 480 ಎಂಎಂ ಇದ್ದಂತೆ ಕೆಲಸ ಮಾಡುತ್ತದೆ. '5ಡಿ 21 ಮೆಗಾಪಿಕ್ಸೆಲ್ ಅಲ್ವಾ, ಮನೆಗೆ ಹೋಗಿ ಕತ್ತರಿಸಿಕೊಂಡರಾಯ್ತು' ಅಂದುಕೊಂಡಿದ್ದೆ. ಕತ್ತರಿಸಿ ನೋಡಿದರೆ ಉಳಿದದ್ದು ಎಂಟು ಮೆಗಾಪಿಕ್ಸೆಲ್. 7ಡಿಯಲ್ಲಿ ಅಷ್ಟೇ ಜಾಗಕ್ಕೆ 18 ಮೆಗಾಪಿಕ್ಸೆಲ್ ಇತ್ತು. ಬೆಳ್ಳಕ್ಕಿ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುವ ಒಂದು ಸೆಕೆಂಡಿನಲ್ಲಿ 5ಡಿ ಕೊಟ್ಟ ನಾಲ್ಕರಲ್ಲಿ ಮೂರರಲ್ಲಿ ಫೋಕಸ್ ಹಿಂದಿನ ಎಲೆಯ ಮೇಲಿತ್ತು.

ಅವತ್ತು ತೀರ್ಮಾನವೇ ಮಾಡಿಬಿಟ್ಟೆ, 7ಡಿಯೇ ನನ್ನದು ಎಂದು. ಮೋಡದ ಬೆಳಕಿನಲ್ಲಿ ಐಎಸ್‌ಒ 1600ಕ್ಕೆ ಏರಿಸಿದಾಗ ಅದರ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು ಕಂಡಿತ್ತು ನಿಜ. ಆದರೆ ಕಾಳಿರುವ ಹಕ್ಕಿ, ಹಕ್ಕಿಯೇ ಇಲ್ಲದ ಚಿತ್ರಕ್ಕಿಂತ ಮೇಲಲ್ಲವೇ?

ಅಡಿಕೆ ಸುಲಿಯುವ ರಾತ್ರಿ

ಕೊಯ್ಲು ಶುರುವಾಯಿತು. ನಮ್ಮ ಕಡೆ ರಾತ್ರಿ ಅಡಿಕೆ ಸುಲಿಯುತ್ತಾರೆ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಮೇಲೆ ಒಂದೇ ಒಂದು ಬಲ್ಬು, ಮಾತು, ನಗು. 7ಡಿ ಹಿಡಿದು ಹೋದೆ. 85 ಎಂಎಂ ಲೆನ್ಸ್ ಅದರಲ್ಲಿ 136 ಎಂಎಂ ಇದ್ದಂತೆ. ಒಬ್ಬರ ಮುಖ ಮತ್ತು ಕೈ ಎರಡೂ ಬರಬೇಕೆಂದರೆ ಹಿಂದೆ ಸರಿಯಬೇಕು, ಸರಿದರೆ ಬೆನ್ನಿಗೆ ಗೊನೆಯ ರಾಶಿ. ಐಎಸ್‌ಒ 3200ಕ್ಕೆ ಹೋದಾಗ ನೆರಳಿನ ಭಾಗವೆಲ್ಲ ಬಣ್ಣಬಣ್ಣದ ಧೂಳು.

ಒಳಗೆ ಹೋಗಿ 5ಡಿ ತಂದೆ. ಅದೇ ಲೆನ್ಸ್, ಅದೇ ಐಎಸ್‌ಒ. ಈ ಸಲ ಕೂತಲ್ಲಿಂದಲೇ ಮುಖ, ಕೈ, ಕತ್ತಿ ಮೂರೂ ಚೌಕಟ್ಟಿಗೆ ಬಂದವು. ಕತ್ತಲು ಕತ್ತಲಾಗಿಯೇ ಇತ್ತು, ಚರ್ಮದ ಬಣ್ಣ ಚರ್ಮದ್ದೇ ಆಗಿತ್ತು. ಪಾಠವೂ ಒಂದಾಯಿತು. ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಮಾಡಿ ಆಮೇಲೆ ಚೌಕಟ್ಟು ಬದಲಿಸಿದರೆ, ಎಫ್ 1.8ರಲ್ಲಿ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗುತ್ತದೆ. ಎಫ್ 2.8ಕ್ಕೆ ಇಳಿಸಿ, ಉಸಿರು ಬಿಗಿಹಿಡಿದು, ಒಂದೊಂದೇ ತೆಗೆದೆ.

ವಾರ ಬಿಟ್ಟು ಹತ್ತು ಫೋಟೊ ಪ್ರಿಂಟ್ ಹಾಕಿಸಿ ಹಂಚಿದೆ. ಚಿಕ್ಕಂದಿನಿಂದ ನನ್ನನ್ನು ಎತ್ತಾಡಿಸಿದ ಒಬ್ಬರು ತಮ್ಮ ಫೋಟೊವನ್ನು ಸೆರಗಿನಿಂದ ಒರೆಸಿ, 'ಆಧಾರ್ ಕಾರ್ಡಿಂದು ಬಿಟ್ರೆ ನಾನೊಬ್ಬಳೇ ಇರೋ ಫೋಟೊ ಇದೇ ಮೊದ್ಲು ಕಣಮ್ಮ' ಅಂದರು. ಮಂಡಗದ್ದೆಯ ಬೆಳ್ಳಕ್ಕಿಗೆ ಇನ್‌ಸ್ಟಾಗ್ರಾಂನಲ್ಲಿ ಮುನ್ನೂರು ಲೈಕ್ ಬಂದಿತ್ತು. ಈ ಒಂದು ಮಾತಿಗೆ ಅದು ಸಮವಾಗಲಿಲ್ಲ.

ಚೆಂಡೆ ಕೇಳು ಅಂದರು ಮಾವ

ನಿಜವಾದ ಜಿದ್ದಾಜಿದ್ದಿ ನಡೆದದ್ದು ಯಕ್ಷಗಾನದಲ್ಲಿ. ಅಲ್ಲಿ ಬೆಳಕೂ ಕಡಿಮೆ, ವೇಗವೂ ಹೆಚ್ಚು. ಅಂದರೆ ಎರಡು ಕ್ಯಾಮೆರಾಗಳ ದೌರ್ಬಲ್ಯವೂ ಒಂದೇ ರಂಗಸ್ಥಳದಲ್ಲಿ ಬಯಲಾಗುತ್ತದೆ. ವೇಷಧಾರಿ ಮಂಡಿಯೂರಿ ಗಿರಗಿರ ತಿರುಗುವಾಗ 7ಡಿ ಬೆನ್ನಟ್ಟಿ ಹಿಡಿಯಿತು, ಆದರೆ ಕಿರೀಟದ ಹೊಳಪು, ಮುಖದ ಬಣ್ಣವೆಲ್ಲ ಕಾಳುಕಾಳು. 5ಡಿಯಲ್ಲಿ ಬಣ್ಣ ಹಬ್ಬದಂತಿತ್ತು, ಆದರೆ ಬೇಕಾದ ಕ್ಷಣ ಎರಡು ಕ್ಲಿಕ್‌ಗಳ ನಡುವೆ ಜಾರಿಹೋಗುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಮಾವ ನನ್ನ ಪರದಾಟ ನೋಡಿ, 'ಕಣ್ಣು ಬಿಟ್ಟು ಕೂತರೆ ಸಾಲದು, ಚೆಂಡೆ ಕೇಳು' ಅಂದರು. ಆಗ ಗೊತ್ತಾಯಿತು. ಕುಣಿತ ಮೇಲೇರುವುದು, ಮುಕ್ತಾಯದ ನಿಲುವಿಗೆ ಬರುವುದು ಎಲ್ಲವನ್ನೂ ಚೆಂಡೆ ಮೊದಲೇ ಹೇಳುತ್ತದೆ. ಪೆಟ್ಟು ಬಿಗಿಯಾಗುತ್ತಿದ್ದಂತೆ ಸಿದ್ಧಳಾಗಿ, ವೇಷ ನಿಲ್ಲುವ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಒಂದೇ ಸಲ ಒತ್ತಿದೆ. ಬೆಳಗಿನ ಜಾವದ ಹೊತ್ತಿಗೆ ಇಪ್ಪತ್ತು ಒಳ್ಳೆಯ ಫೋಟೊ ಸಿಕ್ಕಿದ್ದವು. ಸೆಕೆಂಡಿಗೆ ಎಂಟು ತೆಗೆಯುವ ಯಂತ್ರ ಕೈಯಲ್ಲಿದ್ದಿದ್ದರೆ ನಾನು ಚೆಂಡೆಗೆ ಕಿವಿಗೊಡುತ್ತಲೇ ಇರಲಿಲ್ಲ.

ಕಂಪ್ಯೂಟರ್ ಹೇಳಿದ ಸತ್ಯ

ವರ್ಷ ಮುಗಿಯಿತು. ಯಾವುದನ್ನು ಇಟ್ಟುಕೊಳ್ಳಲಿ ಎಂದು ಮಾವನನ್ನೇ ಕೇಳಿದೆ. 'ನಿನ್ನ ಫೋಟೊಗಳನ್ನ ಕೇಳು' ಅಂದರು. ಪ್ರತಿ ಡಿಜಿಟಲ್ ಫೋಟೊದ ಜೊತೆ ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಐಎಸ್‌ಒ ಎಂಬ ಮಾಹಿತಿ ಇರುತ್ತದೆ. ಫೈಲಿನ ಪ್ರಾಪರ್ಟೀಸ್ ತೆರೆದರೆ ಸಾಕು. ಕೂತು ಲೆಕ್ಕ ಹಾಕಿದೆ. 7ಡಿಯಲ್ಲಿ ತೆಗೆದದ್ದು ಒಂಬತ್ತು ಸಾವಿರ, ಅಳಿಸದೆ ಉಳಿಸಿಕೊಂಡದ್ದು 40. 5ಡಿಯಲ್ಲಿ ತೆಗೆದದ್ದು ಎರಡು ಸಾವಿರ ಚಿಲ್ಲರೆ, ಉಳಿಸಿಕೊಂಡದ್ದು 130. ಅವುಗಳಲ್ಲಿ ಬಹುಪಾಲು ಮನುಷ್ಯರು, ಕಡಿಮೆ ಬೆಳಕು, ಹತ್ತಿರದ ದೂರ.

ನಾನು ಹಕ್ಕಿ ಫೋಟೊಗ್ರಾಫರ್ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಲೆಕ್ಕ ಬೇರೆಯೇ ಹೇಳಿತು. 5ಡಿ ನನ್ನ ಬಳಿ ಉಳಿಯಿತು.

ಹಾಗಂತ 7ಡಿ ಸೋತಿತೇ? ಇಲ್ಲ. ಅದನ್ನು ನನ್ನ ಸಹಪಾಠಿಯೊಬ್ಬ ಕೊಂಡ. ಗುಡವಿ, ಮಂಡಗದ್ದೆ ಎಂದು ಬೆಳಿಗ್ಗೆ ಐದಕ್ಕೇ ಬೈಕ್ ಹತ್ತುವವನು. ನಾನು ಒಂಬತ್ತು ಸಾವಿರದಲ್ಲಿ ತೆಗೆಯಲಾಗದ್ದನ್ನು ಅವನು ಒಂದೇ ತಿಂಗಳಲ್ಲಿ ತೆಗೆದು ತೋರಿಸಿದ. ಕ್ಯಾಮೆರಾ ಅದೇ, ತಾಳ್ಮೆ ಮಾತ್ರ ಬೇರೆಯವನದು.

ಹಳೆಯದೇ ಶ್ರೇಷ್ಠ ಎಂಬ ವಾದ ನನ್ನದಲ್ಲ. ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ, ಸದ್ದಿಲ್ಲದೆ ತೆಗೆಯುತ್ತವೆ. ಮದುವೆ ತೆಗೆದು ಹೊಟ್ಟೆ ಹೊರೆಯುವವರಿಗೆ ಅವು ಬೇಕು, ದುಡಿದು ಸಾಲ ತೀರಿಸುತ್ತಾರೆ. ನನ್ನ ತಕರಾರು ಇರುವುದು ಇನ್ನೂ ತನಗೇನು ಇಷ್ಟ ಎಂದೇ ಗೊತ್ತಿಲ್ಲದ ನನ್ನಂಥವರು ಅಪ್ಪನ ತಲೆಯ ಮೇಲೆ ಕಂತು ಹೊರಿಸುವುದರ ಬಗ್ಗೆ. 5ಡಿ ಮಾರ್ಕ್ 2 ಏನು ಸಾಮಾನ್ಯದ್ದಲ್ಲ. ಅಮೆರಿಕದ 'ಹೌಸ್' ಧಾರಾವಾಹಿಯ ಆರನೇ ಸೀಸನ್ನಿನ ಕೊನೆಯ ಕಂತನ್ನು 2010ರಲ್ಲಿ ಇದರಲ್ಲೇ ಚಿತ್ರೀಕರಿಸಿದ್ದರು. ಅವರಿಗೆ ಸಾಕಾದದ್ದು ಕಲಿಯುವ ನಮಗೆ ಸಾಲದೇ?

ಹಳೆಯದು ಕೊಳ್ಳುವವರು ನಾಲ್ಕು ವಿಷಯ ನೋಡಿಕೊಳ್ಳಿ. ಈ ಎರಡೂ ಕ್ಯಾಮೆರಾಗಳ ಶಟರ್‌ಗೆ ಕಂಪನಿ ಹೇಳಿದ ಆಯುಷ್ಯ ಒಂದೂವರೆ ಲಕ್ಷ ಕ್ಲಿಕ್. ಎಷ್ಟು ಮುಗಿದಿದೆ ಎಂಬುದು ಮೆನುವಿನಲ್ಲಿ ಕಾಣುವುದಿಲ್ಲ, ಕಂಪ್ಯೂಟರಿಗೆ ಜೋಡಿಸಿ ಸಾಫ್ಟ್‌ವೇರ್‌ನಿಂದ ನೋಡಬೇಕು. ಕಾರ್ಡ್ ಹಾಕುವ ಜಾಗದಲ್ಲಿ ಪಿನ್ ಬಾಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. 18–55ರಂಥ ಇಎಫ್-ಎಸ್ ಲೆನ್ಸ್ 7ಡಿಗೆ ಕೂರುತ್ತದೆ, 5ಡಿಗೆ ಕೂರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇ ನೋಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳವನ್ನು ಬಿಗಿ ಡಬ್ಬದಲ್ಲಿಟ್ಟ ಹಾಗೆ ಲೆನ್ಸನ್ನೂ ಸಿಲಿಕಾ ಜೆಲ್ ಜೊತೆ ಇಡಬೇಕು.

ಮೊನ್ನೆ ಜೂನಿಯರ್ ಹುಡುಗನೊಬ್ಬ ಬಂದು, 'ಅಕ್ಕ, ಯಾವ ಕ್ಯಾಮೆರಾ ಒಳ್ಳೇದು?' ಎಂದ. 'ಯಾವುದರ ಫೋಟೊ ತೆಗೀತೀಯ?' ಅಂದೆ. ತಲೆ ಕೆರೆದುಕೊಂಡು ಹೋದವನು ಮರುದಿನ ಬಂದು ಪ್ರಾಮಾಣಿಕವಾಗಿ ಹೇಳಿದ, 'ಇನ್ನೂ ಗೊತ್ತಿಲ್ಲ ಅಕ್ಕ.'

'ಹಾಗಾದ್ರೆ ಇನ್ನೊಂದು ವರ್ಷ ಮೊಬೈಲ್‌ನಲ್ಲೇ ತೆಗಿ' ಅಂದೆ. 'ಅಪ್ಪನ ಹತ್ರ ಮಾತ್ರ ಈಗಲೇ ಕೇಳ್ಬೇಡ.'